ಐವತ್ತು ಸೆಂಟಿನ ಚಕ್ರವರ್ತಿ

ಅರಸೊತ್ತಿಗೆಯನ್ನು ಧಿಕ್ಕರಿಸಿ ಹುಟ್ಟಿದ ದೇಶ ಅಮೆರಿಕ. ಅಂಥ ನೆಲದಲ್ಲಿ ದಿವಾಳಿಯೆದ್ದ ಅಕ್ಕಿ ವ್ಯಾಪಾರಿಯೊಬ್ಬ ತನ್ನನ್ನು ತಾನೇ ಚಕ್ರವರ್ತಿ ಎಂದು ಸಾರಿಕೊಂಡ. ಊರು ಅವನನ್ನು ಇಪ್ಪತ್ತು ವರ್ಷ ಹಾಗೆಯೇ ನಡೆಸಿಕೊಂಡಿತು.

ಸ್ಯಾನ್ ಫ್ರಾನ್ಸಿಸ್ಕೊ ನಗರದ ಕಮರ್ಷಿಯಲ್ ಸ್ಟ್ರೀಟಿನಲ್ಲಿ 624ನೇ ನಂಬರಿನ ಕಟ್ಟಡ ದಿನಬಾಡಿಗೆಯ ವಸತಿಗೃಹವಾಗಿತ್ತು. ಕೋಣೆಗೆ ದಿನಕ್ಕೆ ಐವತ್ತು ಸೆಂಟ್. 1870ರ ಜನಗಣತಿಯಲ್ಲಿ ಗಣತಿದಾರ ಅಲ್ಲಿಗೂ ಹೋದ. ಒಬ್ಬೊಬ್ಬರ ಹೆಸರು, ವಯಸ್ಸು, ಕಸುಬು ಕೇಳಿ ಬರೆದುಕೊಂಡ. ಅವನ ಪಟ್ಟಿಯ ಒಂದು ಸಾಲು ಹೀಗಿದೆ: ಜೋಶುವಾ ನಾರ್ಟನ್, ವಯಸ್ಸು 50, ಕಸುಬು ಚಕ್ರವರ್ತಿ. ಬುದ್ಧಿಭ್ರಮಣೆ ಆದವರನ್ನು ಗುರುತಿಸಲು ಅದೇ ಪಟ್ಟಿಯಲ್ಲಿ ಬೇರೊಂದು ಕಲಮು ಇತ್ತು. ನಾರ್ಟನ್ ಹೆಸರಿನ ಮುಂದೆ ಅಲ್ಲೂ ಗುರುತು ಬಿತ್ತು.

ಆ ಗಣತಿದಾರ ತಮಾಷೆಗೆ ಬರೆದನೋ ಶ್ರದ್ಧೆಯಿಂದ ಬರೆದನೋ, ಒಂದು ಊರು ಒಬ್ಬ ಮನುಷ್ಯನ ಬಗ್ಗೆ ತಳೆದಿದ್ದ ನಿಲುವು ಆ ಒಂದೇ ಸಾಲಿನಲ್ಲಿ ದಾಖಲಾಗಿಬಿಟ್ಟಿದೆ. ಇವನಿಗೆ ತಲೆ ಸರಿಯಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹಾಗಿದ್ದೂ ಇವನು ನಮ್ಮ ಚಕ್ರವರ್ತಿ ಎಂದು ಒಪ್ಪುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ಎರಡು ಕಲಮುಗಳೂ ಜಗಳವಾಡದೆ ಒಂದೇ ಸಾಲಿನಲ್ಲಿ ಕೂತಿದ್ದವು.

ಅಕ್ಕಿಯಲ್ಲಿ ಮುಳುಗಿದವನು

ನಾರ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಡೆಪ್ಟ್‌ಫರ್ಡ್‌ನ ಯಹೂದಿ ಕುಟುಂಬದಲ್ಲಿ. ಮಗು ಎರಡು ವರ್ಷದ್ದಿರುವಾಗ, 1820ರಲ್ಲಿ, ತಂದೆತಾಯಿ ದಕ್ಷಿಣ ಆಫ್ರಿಕಾಕ್ಕೆ ವಲಸೆ ಹೋದರು. ಅಲ್ಲೇ ಬೆಳೆದ ಆತ 1849ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಡಗಿಳಿದ.

ಆಗ ಅಲ್ಲಿಗೆ ಇಡೀ ಜಗತ್ತೇ ಗುಳೆ ಬರುತ್ತಿತ್ತು. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲೋಮಾ ಎಂಬಲ್ಲಿ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಚಿನ್ನದ ಚೂರುಗಳು ಕಂಡಿದ್ದವು. ಸುಮಾರು ಸಾವಿರ ಜನರ ಹಳ್ಳಿಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ಎರಡೇ ವರ್ಷದಲ್ಲಿ ಇಪ್ಪತ್ತೈದು ಸಾವಿರದ ಊರಾಯಿತು. ಬಂದರಿಗೆ ಬಂದ ಹಡಗುಗಳ ನಾವಿಕರೂ ಹಡಗನ್ನು ಅಲ್ಲೇ ಬಿಟ್ಟು ಚಿನ್ನದ ಗಣಿಯತ್ತ ಓಡಿದರು. ವಾರಸುದಾರರಿಲ್ಲದ ಹಡಗುಗಳನ್ನು ದಡಕ್ಕೆಳೆದು ಗೋದಾಮು ಮಾಡಿಕೊಂಡರು, ಛತ್ರ ಮಾಡಿಕೊಂಡರು. 1849ರ ಡಿಸೆಂಬರಿನಿಂದ 1851ರ ಜೂನ್‌ವರೆಗೆ ಆರು ಸಲ ಊರಿಗೆ ದೊಡ್ಡ ಬೆಂಕಿ ಬಿತ್ತು. ಪ್ರತಿ ಸಲವೂ ಬೂದಿ ಆರುವ ಮುನ್ನವೇ ಹೊಸ ಹಲಗೆಗಳಿಗೆ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು.

ನಾರ್ಟನ್ ಚಿನ್ನ ಅಗೆಯಲು ಹೋಗಲಿಲ್ಲ. ಸರಕು ಕೊಂಡು ಮಾರಿದ, ನಿವೇಶನಗಳ ಮೇಲೆ ಹಣ ಹೂಡಿದ. ಮೂರೇ ವರ್ಷದಲ್ಲಿ ಊರಿನ ಗಣ್ಯ ವರ್ತಕರ ಸಾಲಿನಲ್ಲಿ ಕೂತ.

1852ರ ಕೊನೆಗೆ ಚೀನಾದಲ್ಲಿ ಬರ ಬಿತ್ತು. ಅಲ್ಲಿನವರು ಅಕ್ಕಿಯ ರಫ್ತು ನಿಲ್ಲಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪೌಂಡಿಗೆ ನಾಲ್ಕು ಸೆಂಟ್ ಇದ್ದ ಅಕ್ಕಿ ಮೂವತ್ತಾರು ಸೆಂಟಿಗೆ ಏರಿತು. ಅದೇ ಹೊತ್ತಿಗೆ ಪೆರು ದೇಶದಿಂದ ‘ಗ್ಲೈಡ್’ ಎಂಬ ಹಡಗು ಎರಡು ಲಕ್ಷ ಪೌಂಡ್ ಅಕ್ಕಿ ಹೊತ್ತು ಬಂದಿದೆ ಎಂಬ ಸುದ್ದಿ ನಾರ್ಟನ್ ಕಿವಿಗೆ ಬಿತ್ತು. ಪೌಂಡಿಗೆ ಹನ್ನೆರಡೂವರೆ ಸೆಂಟ್ ಲೆಕ್ಕದಲ್ಲಿ ಇಡೀ ಸರಕನ್ನು 25,000 ಡಾಲರಿಗೆ ಮಾತಾಡಿ, 2,000 ಡಾಲರ್ ಮುಂಗಡ ಕೊಟ್ಟು ಕರಾರು ಮಾಡಿಕೊಂಡ. ಅಂದಿನ ಧಾರಣೆಗೆ ಮಾರಿದ್ದರೆ ಕೈಗೆ 72,000 ಡಾಲರ್ ಬರುತ್ತಿತ್ತು.

ಅಕ್ಕಿ ಮಂಡಿಯಲ್ಲಿ ಕೂತು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಒಂದರ ಹಿಂದೊಂದು ಹಡಗು ಪೆರುವಿನಿಂದ ಅಕ್ಕಿ ತುಂಬಿಕೊಂಡು ಬಂದವು. ಧಾರಣೆ ಮೂರು ಸೆಂಟಿಗೆ ಕುಸಿಯಿತು. 25,000 ಡಾಲರಿನ ಸರಕಿಗೆ ಈಗ ಆರು ಸಾವಿರವೂ ಕಷ್ಟ. ತೋರಿಸಿದ ಅಕ್ಕಿಯೇ ಬೇರೆ, ಬಂದ ಅಕ್ಕಿಯೇ ಬೇರೆ ಎಂದು ನಾರ್ಟನ್ ಕರಾರು ಮುರಿಯಲು ಹೊರಟ. ದಾವೆ ವರ್ಷಗಟ್ಟಲೆ ಎಳೆದು ರಾಜ್ಯದ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಲ್ಲಿ ಆತ ಸೋತ. ಆಸ್ತಿ ಬ್ಯಾಂಕಿನ ಪಾಲಾಯಿತು. ಹಾಗೆ ವಶಪಡಿಸಿಕೊಂಡ ಲೂಕಾಸ್ ಟರ್ನರ್ ಬ್ಯಾಂಕಿನ ಸ್ಥಳೀಯ ಮ್ಯಾನೇಜರ್ ಆಗಿದ್ದವನು ವಿಲಿಯಂ ಶರ್ಮನ್, ಮುಂದೆ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಸೇನಾನಿ. ನಾರ್ಟನ್ ದಿವಾಳಿ ಅರ್ಜಿ ಹಾಕಿದ. ಊಟದ ಮೇಜಿಗೆ ಕರೆಯುತ್ತಿದ್ದ ಸ್ನೇಹಿತರು ಬೀದಿಯ ಆಚೆ ಬದಿಗೆ ದಾಟತೊಡಗಿದರು.

ಸೆನೆಟರ್ ಸತ್ತ ಮರುದಿನ

1859ರ ಸೆಪ್ಟೆಂಬರ್ 17ರಂದು ನಾರ್ಟನ್ ‘ಈವನಿಂಗ್ ಬುಲೆಟಿನ್’ ಪತ್ರಿಕೆಯ ಕಚೇರಿಗೆ ಒಂದು ಹಾಳೆ ತಂದುಕೊಟ್ಟ. ದೇಶದ ಬಹುಪಾಲು ಪ್ರಜೆಗಳ ಕೋರಿಕೆಯ ಮೇರೆಗೆ ತಾನು ಸಂಯುಕ್ತ ಸಂಸ್ಥಾನದ ಚಕ್ರವರ್ತಿಯೆಂದು ಘೋಷಿಸಿಕೊಂಡಿರುವುದಾಗಿ ಅದರಲ್ಲಿತ್ತು. ಎಲ್ಲ ರಾಜ್ಯಗಳ ಪ್ರತಿನಿಧಿಗಳೂ ಬರುವ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಕಲ್ ಹಾಲ್‌ನಲ್ಲಿ ಸೇರಿ ಕಾನೂನುಗಳನ್ನು ಸರಿಪಡಿಸತಕ್ಕದ್ದು ಎಂಬ ಆಜ್ಞೆಯೂ ಇತ್ತು. ಪತ್ರಿಕೆಯವರು ಅಂದೇ ಅಚ್ಚು ಹಾಕಿದರು.

ಈ ಹುಚ್ಚನ್ನು ಅಳೆಯುವ ಮೊದಲು ಊರು ಎಷ್ಟು ಸ್ವಸ್ಥವಾಗಿತ್ತು ಎಂದು ನೋಡಬೇಕು. ನಾಲ್ಕು ದಿನದ ಹಿಂದೆ, ಸೆಪ್ಟೆಂಬರ್ 13ರ ಬೆಳಿಗ್ಗೆ, ಇಬ್ಬರು ದೊಡ್ಡ ಮನುಷ್ಯರು ಊರಾಚೆ ಪಿಸ್ತೂಲು ಹಿಡಿದು ಎದುರುಬದುರು ನಿಂತಿದ್ದರು. ಒಬ್ಬ ಕ್ಯಾಲಿಫೋರ್ನಿಯಾದಿಂದ ಆರಿಸಿಹೋದ ಸೆನೆಟರ್ ಡೇವಿಡ್ ಬ್ರೋಡರಿಕ್. ಇನ್ನೊಬ್ಬ ಆಗತಾನೆ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದ ರಾಜ್ಯದ ಮುಖ್ಯ ನ್ಯಾಯಮೂರ್ತಿ ಡೇವಿಡ್ ಟೆರಿ. ಗುಲಾಮಗಿರಿಯ ಸುತ್ತ ಬೆಳೆದ ರಾಜಕೀಯ ಹಗೆ ದ್ವಂದ್ವಯುದ್ಧಕ್ಕೆ ಮುಟ್ಟಿತ್ತು. ನ್ಯಾಯಮೂರ್ತಿಯ ಗುಂಡು ಸೆನೆಟರನ ಎದೆಗೆ ಬಿತ್ತು. ಆತ 16ರಂದು ಸತ್ತ. ನಾರ್ಟನ್ ತನ್ನ ಹಾಳೆ ಹಿಡಿದು ಬಂದದ್ದು ಮರುದಿನ. ನ್ಯಾಯಪೀಠದಲ್ಲಿ ಕೂತವನೇ ಗುಂಡು ಹಾರಿಸುವ ಊರಿನಲ್ಲಿ, ಕಾನೂನು ಸರಿಪಡಿಸೋಣ ಬನ್ನಿ ಎಂದು ಕರೆದವನಿಗೆ ಮಾತ್ರ ಹುಚ್ಚ ಎಂಬ ಹೆಸರು ಬಂತು.

ಆ ಘೋಷಣೆಯ ಒಂದು ಮಾತಿನ ಮೇಲೆ ಕಣ್ಣಿಡಬೇಕು. ದೇವರು ತನಗೆ ಕಿರೀಟ ಕೊಟ್ಟ ಎಂದು ನಾರ್ಟನ್ ಹೇಳಲಿಲ್ಲ, ಕತ್ತಿಯಿಂದ ಗೆದ್ದೆ ಎಂದೂ ಹೇಳಲಿಲ್ಲ. ಬಹುಮತ ತನ್ನನ್ನು ಕೇಳಿಕೊಂಡಿತು ಎಂದ. ಅರಸನಾಗುವ ಭ್ರಮೆ ಹಿಡಿದಾಗಲೂ ಆತ ಹಿಡಿದುಕೊಂಡದ್ದು ಪ್ರಜಾಪ್ರಭುತ್ವದ ವ್ಯಾಕರಣವನ್ನೇ.

ಆಮೇಲೆ ಫರ್ಮಾನುಗಳ ಮಳೆ. ಭ್ರಷ್ಟಾಚಾರದ ಕಾರಣ ಕೊಟ್ಟು ಅಕ್ಟೋಬರಿನಲ್ಲಿ ಕಾಂಗ್ರೆಸ್ಸನ್ನು ರದ್ದು ಮಾಡಿದ. ಸಂಸದರು ಮತ್ತೆ ಸೇರಿದಾಗ, ಅವರನ್ನು ಸಭಾಂಗಣದಿಂದ ಹೊರಗೆ ಹಾಕುವಂತೆ ಸೇನಾ ಮುಖ್ಯಸ್ಥ ಸ್ಕಾಟ್‌ಗೆ ಆಜ್ಞೆ ಹೊರಡಿಸಿದ. ಗುಲಾಮರ ಬಿಡುಗಡೆಗಾಗಿ ದಂಗೆ ಎದ್ದ ಜಾನ್ ಬ್ರೌನ್‌ನನ್ನು ವರ್ಜೀನಿಯಾ ರಾಜ್ಯ ಗಲ್ಲಿಗೇರಿಸಿದಾಗ ಅಲ್ಲಿನ ಗವರ್ನರನನ್ನು ವಜಾ ಮಾಡಿದ. ಬ್ರೌನ್‌ಗೆ ತಲೆ ಕೆಟ್ಟಿತ್ತು, ಅವನನ್ನು ಕಳಿಸಬೇಕಾದದ್ದು ಹುಚ್ಚಾಸ್ಪತ್ರೆಗೆ ಎನ್ನುವುದು ಚಕ್ರವರ್ತಿಗಳು ಕೊಟ್ಟ ಕಾರಣ. 1869ರಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷಗಳನ್ನು ವಿಸರ್ಜಿಸಿದ. ನಡುವೆ ಮೆಕ್ಸಿಕೊದ ಅವಸ್ಥೆ ನೋಡಿ ಮರುಗಿ ‘ಮೆಕ್ಸಿಕೊದ ಸಂರಕ್ಷಕ’ ಎಂಬ ಬಿರುದನ್ನೂ ಸೇರಿಸಿಕೊಂಡ. ವಾಷಿಂಗ್ಟನ್ನಿನಲ್ಲಿ ಒಬ್ಬರೂ ಕಿವಿಗೊಡಲಿಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನ ಬೆಳಗಿನ ಕಾಫಿಯ ಜತೆ ಇವನ್ನು ಓದಿದರು.

ಆಡಳಿತದ ದಿನಚರಿ

ಮೈಮೇಲೆ ಭುಜಕೀರ್ತಿಗಳಿದ್ದ ನೀಲಿ ಸೈನಿಕ ಕೋಟು, ತಲೆಗೆ ಗರಿ ಸಿಕ್ಕಿಸಿದ ಟೊಪ್ಪಿ, ಕೈಯಲ್ಲಿ ಊರುಗೋಲು, ಕೆಲವೊಮ್ಮೆ ಕೊಡೆ. ಕೋಟು ಪ್ರೆಸಿಡಿಯೊ ದಂಡಿನ ಅಧಿಕಾರಿಗಳು ಉಟ್ಟು ಬಿಟ್ಟದ್ದು. ಈ ವೇಷದಲ್ಲಿ ಚಕ್ರವರ್ತಿಗಳ ಸವಾರಿ ದಿನವೂ ಕಾಲ್ನಡಿಗೆಯಲ್ಲಿ ಹೊರಡುತ್ತಿತ್ತು. ಕಾಲುದಾರಿಯ ಹಲಗೆ ಸಡಿಲವಾಗಿದೆಯೇ, ಟ್ರ್ಯಾಮು ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ ಎಂಬ ತಪಾಸಣೆ. ಮಧ್ಯಾಹ್ನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಗ್ರಂಥಾಲಯದಲ್ಲಿ ಪತ್ರಿಕೆಗಳ ಓದು, ಚದುರಂಗದಾಟ, ಫರ್ಮಾನುಗಳ ಬರವಣಿಗೆ. ಸಂಜೆ ಎಲ್ಲಾದರೂ ಉಪನ್ಯಾಸವಿದ್ದರೆ ಮುಂದಿನ ಸಾಲಿನಲ್ಲಿ ಹಾಜರಿ.

ಖಜಾನೆಗೆ ವರಮಾನ ಬರುತ್ತಿದ್ದುದು ನೋಟುಗಳಿಂದ. 1870ರ ದಶಕದಲ್ಲಿ ಊರಿನ ಮುದ್ರಕರು ಆತನ ಹೆಸರಿನಲ್ಲಿ ಐವತ್ತು ಸೆಂಟಿನಿಂದ ಹತ್ತು ಡಾಲರ್‌ವರೆಗಿನ ಬಾಂಡುಗಳನ್ನು ಅಚ್ಚು ಹಾಕಿಕೊಟ್ಟರು. ಪ್ರವಾಸಿಗಳು ನೆನಪಿಗೆಂದು, ಊರಿನವರು ಮಮತೆಯಿಂದ ಕೊಂಡರು. ಲೆಕ್ಕ ಸರಳ: ಐವತ್ತು ಸೆಂಟಿನ ಒಂದು ನೋಟು ಹೋದರೆ ಅಂದಿನ ರಾತ್ರಿಯ ಬಾಡಿಗೆ ಹುಟ್ಟಿತು. ಭಿಕ್ಷೆ ಕೊಟ್ಟೆ ಎಂದು ಕೊಟ್ಟವನಿಗೆ ಅನಿಸುತ್ತಿರಲಿಲ್ಲ, ಪಡೆದೆ ಎಂದು ಪಡೆದವನಿಗೂ ಅನಿಸುತ್ತಿರಲಿಲ್ಲ. ಇಬ್ಬರ ಮಾನವನ್ನೂ ಒಂದು ಚೂರು ಕಾಗದ ಕಾಯುತ್ತಿತ್ತು. ಹಗಲುವೇಷದವರು ರಾಜನ ಪೋಷಾಕಿನಲ್ಲಿ ಬಾಗಿಲಿಗೆ ಬಂದಾಗ ಮೊರದಲ್ಲಿ ಅಕ್ಕಿ ತಂದು ಸುರಿದವರಿಗೆ ಈ ಸಂಬಂಧ ಅರ್ಥವಾಗುತ್ತದೆ. ವ್ಯತ್ಯಾಸ ಇಷ್ಟೇ, ಈ ರಾಜ ಸಂಜೆಗೂ ಬಣ್ಣ ಕಳಚಲಿಲ್ಲ.

ಒಂದು ಬಂಧನ, ಒಂದು ಸಲಾಮು

1867ರ ಜನವರಿಯಲ್ಲಿ ಅರ್ಮಾಂಡ್ ಬಾರ್ಬಿಯೆ ಎಂಬ ಪೊಲೀಸಿನವನು ಚಕ್ರವರ್ತಿಯನ್ನು ಹಿಡಿದು ಠಾಣೆಗೆ ತಂದ. ಮೊದಲು ಅಲೆಮಾರಿ ಎಂಬ ಆರೋಪ. ಆದರೆ ಜೇಬಿನಲ್ಲಿ ಒಂದಿಷ್ಟು ಕಾಸು, ಕೋಣೆಯ ಬೀಗದಕೈ ಎರಡೂ ಸಿಕ್ಕವು. ಆಗ ಬುದ್ಧಿಭ್ರಮಣೆಯ ಆರೋಪ ಹೊರಿಸಿದ. ಸಾಬೀತಾಗಿದ್ದರೆ ಉಳಿದ ಬದುಕು ಹುಚ್ಚಾಸ್ಪತ್ರೆಯಲ್ಲೇ ಮುಗಿಯುತ್ತಿತ್ತು.

ಪತ್ರಿಕೆಗಳು ಕೆರಳಿದವು. ಈ ಚಕ್ರವರ್ತಿ ಯಾರ ರಕ್ತವನ್ನೂ ಚೆಲ್ಲಿಲ್ಲ, ಯಾರನ್ನೂ ದೋಚಿಲ್ಲ, ಯಾವ ದೇಶವನ್ನೂ ಸೂರೆ ಮಾಡಿಲ್ಲ; ಅದೇ ಕಸುಬಿನ ಬೇರೆಯವರ ಬಗ್ಗೆ ಈ ಮಾತು ಹೇಳಲಾಗದು ಎಂಬ ಅರ್ಥದ ವಾದ ಆಗ ಊರಲ್ಲೆಲ್ಲ ಓಡಾಡಿತು. ಪೊಲೀಸ್ ಮುಖ್ಯಸ್ಥ ಪ್ಯಾಟ್ರಿಕ್ ಕ್ರೌಲಿ ಆತನನ್ನು ಬಿಟ್ಟು ಕ್ಷಮೆ ಕೇಳಿದ. ನಾರ್ಟನ್ ಬಾರ್ಬಿಯೆಗೆ ರಾಜಕ್ಷಮೆ ದಯಪಾಲಿಸಿದ. ಆಮೇಲೆ ಬೀದಿಯಲ್ಲಿ ಎದುರಾದ ಪೊಲೀಸರು ಸಲಾಮು ಹೊಡೆಯುತ್ತಿದ್ದರಂತೆ.

ಇಂಥವನ ಸುತ್ತ ದಂತಕಥೆಗಳ ಹುತ್ತ ಬೆಳೆಯದೆ ಇರುತ್ತದೆಯೇ? ಊರಿನ ಬೀದಿನಾಯಿಗಳಾದ ಬಮ್ಮರ್, ಲ್ಯಾಜರಸ್ ಆತನ ಸಾಕುನಾಯಿಗಳು ಎಂಬುದು ಅಂಥದೊಂದು ಕಥೆ. ವ್ಯಂಗ್ಯಚಿತ್ರಕಾರ ಎಡ್ವರ್ಡ್ ಜಂಪ್ ಮೂವರನ್ನೂ ಒಂದೇ ಚಿತ್ರದಲ್ಲಿ ತಂದಿದ್ದೇ ಅದಕ್ಕೆ ಬುಡ. ಊರನ್ನು ‘ಫ್ರಿಸ್ಕೊ’ ಎಂದು ಮೊಟಕಾಗಿ ಕರೆದವರಿಗೆ 25 ಡಾಲರ್ ದಂಡ ಹಾಕಿದ ಎಂಬುದು ಇನ್ನೊಂದು. ಇದಕ್ಕಿಂತ ಕೆಟ್ಟದ್ದು ಪತ್ರಿಕೆಗಳ ಕೆಲಸ. ಮಾರಾಟ ಹೆಚ್ಚಲೆಂದು ಆತನ ಹೆಸರಿನಲ್ಲಿ ತಾವೇ ಫರ್ಮಾನು ಬರೆದು ಅಚ್ಚು ಹಾಕಿಕೊಂಡವು. 1861ರಲ್ಲೇ ಆತನನ್ನು ಗೇಲಿ ಮಾಡುವ ನಾಟಕ ರಂಗವೇರಿತ್ತು. ಪ್ರೀತಿ ಇತ್ತು, ನಿಜ. ಪ್ರೀತಿಯ ಪಕ್ಕದಲ್ಲೇ ವ್ಯಾಪಾರವೂ ಇತ್ತು.

ಸುಳ್ಳು ಫರ್ಮಾನುಗಳಿಂದ ನೊಂದ ಚಕ್ರವರ್ತಿ 1870ರ ಕೊನೆಗೆ ತನ್ನ ಅಧಿಕೃತ ಪತ್ರಿಕೆಯನ್ನು ಆರಿಸಿಕೊಂಡ. ಅದು ‘ಪೆಸಿಫಿಕ್ ಅಪೀಲ್’, ಕಪ್ಪುಜನರು ತಮಗಾಗಿ ನಡೆಸುತ್ತಿದ್ದ ವಾರಪತ್ರಿಕೆ. ಮುಂದಿನ ನಾಲ್ಕೈದು ವರ್ಷ ಆತನ ಆಜ್ಞೆಗಳು ಬಹುಪಾಲು ಅಲ್ಲೇ ಪ್ರಕಟವಾದವು. ಕಪ್ಪುಜನರ ಹಕ್ಕಿನ ಪರವಾಗಿ, ಚೀನೀಯರ ಸಾಕ್ಷ್ಯವನ್ನೂ ನ್ಯಾಯಾಲಯಗಳು ಒಪ್ಪಬೇಕು ಎಂಬುದರ ಪರವಾಗಿ ಆತ ಬರೆದ.

ಹುಚ್ಚನಾಗುವ ಹಕ್ಕು ಯಾರಿಗೆ?

ನಾರ್ಟನ್‌ನ ಕಥೆಯನ್ನು ಸಾಮಾನ್ಯವಾಗಿ ಒಂದು ಊರಿನ ದೊಡ್ಡ ಮನಸ್ಸಿನ ಕಥೆಯಾಗಿ ಹೇಳುತ್ತಾರೆ. ಅರ್ಧ ಸತ್ಯ. ಉಳಿದರ್ಧಕ್ಕೆ ಆತನ ಕೋಣೆಯಿಂದ ಕೂಗಳತೆಯಲ್ಲಿದ್ದ ಚೈನಾಟೌನ್‌ಗೆ ಹೋಗಬೇಕು.

1854ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಬಿಳಿಯನ ವಿರುದ್ಧ ಚೀನೀಯನ ಸಾಕ್ಷ್ಯ ನಡೆಯದು ಎಂದು ತೀರ್ಪಿತ್ತಿತ್ತು. ಬಿಳಿಯನೊಬ್ಬ ಚೀನೀಯನನ್ನು ಕೊಂದ ಮೊಕದ್ದಮೆ ಅದು. ಸಾಕ್ಷಿಗಳು ಚೀನೀಯರು ಎಂಬ ಒಂದೇ ಕಾರಣಕ್ಕೆ ಶಿಕ್ಷೆ ರದ್ದಾಯಿತು. 1863ರಲ್ಲಿ ಷಾರ್ಲೆಟ್ ಬ್ರೌನ್ ಎಂಬ ಕಪ್ಪು ಮಹಿಳೆಯನ್ನು ಕುದುರೆ ಟ್ರ್ಯಾಮಿನಿಂದ ಕೆಳಗಿಳಿಸಿದರು. ಆಕೆ ಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. 1877ರ ಜುಲೈನಲ್ಲಿ, ಚಕ್ರವರ್ತಿಗೆ ಟೊಪ್ಪಿ ತೆಗೆದು ವಂದಿಸುವ ಅದೇ ಊರಿನಲ್ಲಿ, ಗುಂಪುಗಳು ಚೀನೀಯರ ಬಟ್ಟೆ ಒಗೆಯುವ ಅಂಗಡಿಗಳಿಗೆ ನುಗ್ಗಿ ಹಾಳುಗೆಡವಿದವು, ಜೀವಗಳೂ ಹೋದವು. ರೊಚ್ಚಿಗೆದ್ದ ಗುಂಪಿಗೂ ಚೀನೀಯರಿಗೂ ನಡುವೆ ನಾರ್ಟನ್ ತಲೆಬಾಗಿ ನಿಂತು ಪ್ರಾರ್ಥನೆ ಹೇಳಿದ, ಗುಂಪು ಚದುರಿತು ಎಂಬ ಕಥೆಯೊಂದಿದೆ. ಅದೂ ದಂತಕಥೆಯೇ. ಒಬ್ಬ ಹುಚ್ಚನ ಪ್ರಾರ್ಥನೆಗೆ ಕರಗುವಷ್ಟು ಮೆತ್ತಗಿರಲಿಲ್ಲ ಆ ದ್ವೇಷ. 1882ರಲ್ಲಿ ಅದು ಚೀನೀ ಕಾರ್ಮಿಕರಿಗೆ ದೇಶದ ಬಾಗಿಲನ್ನೇ ಮುಚ್ಚುವ ಕಾನೂನಾಯಿತು.

ಹಾಗಾದರೆ ಊರು ನಾರ್ಟನ್‌ನನ್ನು ಏಕೆ ಪೊರೆಯಿತು? ಆತ ಬಿಳಿಯ, ಇಂಗ್ಲಿಷ್ ಮಾತಾಡುವವ, ಒಂದು ಕಾಲಕ್ಕೆ ಅದೇ ವರ್ತಕರ ಪಂಕ್ತಿಯಲ್ಲಿ ಉಂಡವ. ಅಲ್ಲಿದ್ದವರೆಲ್ಲ ಬೇರು ಕಿತ್ತುಕೊಂಡು ಬಂದವರು. ಇಂದು ಬಂಗಾರ, ನಾಳೆ ಬೂದಿ ಎಂಬುದನ್ನು ಕಣ್ಣಾರೆ ಕಂಡವರು. ಹಡಗೊಂದು ನಾಲ್ಕು ದಿನ ಮುಂಚೆ ಬಂದಿದ್ದರೆ ಆ ಗರಿಯ ಟೊಪ್ಪಿ ತಮ್ಮ ತಲೆಯ ಮೇಲೂ ಇರಬಹುದಿತ್ತು ಎಂದು ಅವರಿಗೆ ಗೊತ್ತಿತ್ತು. ನಾರ್ಟನ್‌ನಲ್ಲಿ ಅವರು ಕಂಡದ್ದು ತಮ್ಮನ್ನೇ. ಚೀನೀಯನಲ್ಲಿ ಹಾಗೆ ಕಾಣಲಿಲ್ಲ. ಕರುಣೆ ಹರಿಯಲು ಹೋಲಿಕೆಯ ಕಾಲುವೆ ಬೇಕಾಗಿತ್ತು. ಈ ವಿಷಯದಲ್ಲಿ ತಲೆಕೆಟ್ಟವನೇ ಊರಿಗಿಂತ ಸ್ವಸ್ಥನಿದ್ದ: ತನ್ನ ಪ್ರಜೆಗಳ ಪಟ್ಟಿಯಲ್ಲಿ ಕಪ್ಪುಜನರನ್ನೂ ಚೀನೀಯರನ್ನೂ ಆತ ಬಿಟ್ಟಿರಲಿಲ್ಲ.

ಸೇತುವೆ ಮತ್ತು ಸಾಲ

1872ರಲ್ಲಿ ಹೊರಟ ಫರ್ಮಾನುಗಳಲ್ಲಿ ಕೆಲವು ಒಂದೇ ವಿಷಯದವು. ಓಕ್‌ಲ್ಯಾಂಡ್‌ನಿಂದ ಕೊಲ್ಲಿಯ ನಡುವಿನ ಗೋಟ್ ಐಲೆಂಡ್ ದ್ವೀಪಕ್ಕೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ತೂಗುಸೇತುವೆ ಕಟ್ಟತಕ್ಕದ್ದು. ನೀರಿನಡಿಯ ಸುರಂಗವೂ ಆದೀತೇ ಎಂದು ನೋಡತಕ್ಕದ್ದು. ಓದಿದವರು ನಕ್ಕರು. 1936ರ ನವೆಂಬರಿನಲ್ಲಿ ತೆರೆದ ಬೇ ಬ್ರಿಡ್ಜ್ ಓಕ್‌ಲ್ಯಾಂಡಿನಿಂದ ಹೊರಟು ಅದೇ ದ್ವೀಪವನ್ನು ಹಾಯ್ದು ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತದೆ. ದ್ವೀಪದ ಹೆಸರು ಈಗ ಯರ್ಬಾ ಬ್ಯೂನಾ. ನೀರಿನಡಿಯ ಕೊಳವೆಮಾರ್ಗದಲ್ಲಿ 1974ರಿಂದ ರೈಲು ಓಡುತ್ತಿದೆ. ಸೇತುವೆಗೆ ನಾರ್ಟನ್ ಹೆಸರಿಡಬೇಕೆಂಬ ಪ್ರಯತ್ನ ಹಲವು ಸಲ ನಡೆದು ಸೋತಿದೆ. 2013ರಲ್ಲಿ ಅದರ ಪಶ್ಚಿಮ ಭಾಗಕ್ಕೆ ಸಿಕ್ಕಿದ್ದು ಮಾಜಿ ಮೇಯರ್ ವಿಲ್ಲಿ ಬ್ರೌನ್ ಹೆಸರು. ಚಕ್ರವರ್ತಿಗೆ ದಕ್ಕಿದ್ದು 2023ರಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಒಂದು ತುಂಡು. ಆತನ ಬಾಡಿಗೆ ಕೋಣೆ ಇದ್ದ ಅದೇ ತುಂಡು.

1880ರ ಜನವರಿ 8ರ ಸಂಜೆ, ಉಪನ್ಯಾಸ ಕೇಳಲೆಂದು ಹೊರಟ ನಾರ್ಟನ್ ಕ್ಯಾಲಿಫೋರ್ನಿಯಾ ಸ್ಟ್ರೀಟಿನ ಮೂಲೆಯಲ್ಲಿ ಕುಸಿದುಬಿದ್ದ. ಗಾಡಿ ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಗುಟ್ಟಾಗಿ ಹಣ ಕೂಡಿಟ್ಟಿದ್ದಾನೆ ಎಂಬ ಗುಮಾನಿ ಊರಿಗಿತ್ತು. ಜೇಬಿನಲ್ಲಿ ಸಿಕ್ಕಿದ್ದು ಐದಾರು ಡಾಲರಿನ ಚಿಲ್ಲರೆ ಮತ್ತು ಒಂದು ಚಿನ್ನದ ನಾಣ್ಯ. ಕೋಣೆಯಲ್ಲಿ ಒಂದಷ್ಟು ಊರುಗೋಲು, ಟೊಪ್ಪಿಗಳು, ಹಳೆಯ ಕತ್ತಿ, ಕವಡೆ ಬೆಲೆಯಿಲ್ಲದ ಗಣಿ ಷೇರುಗಳು. ಬಡವರ ಪೆಟ್ಟಿಗೆಯಲ್ಲಿ ಹೂಳುವುದು ಬೇಡವೆಂದು ವರ್ತಕರ ಕ್ಲಬ್ಬೊಂದು ಚಂದಾ ಎತ್ತಿ ಬೀಟೆಯಂಥ ಬೆಲೆಬಾಳುವ ಮರದ ಶವಪೆಟ್ಟಿಗೆ ತರಿಸಿತು. ಕೊನೆಯ ದರ್ಶನಕ್ಕೆ ಹತ್ತು ಸಾವಿರ ಜನ ಬಂದರೆಂದು ಪತ್ರಿಕೆಗಳು ಬರೆದವು. ಅಕ್ಕಿಯಲ್ಲಿ ಮುಳುಗಿದಾಗ ಬೀದಿ ದಾಟಿ ಹೋದ ಪಂಗಡವೇ ಈಗ ಹೆಗಲು ಕೊಟ್ಟಿತ್ತು.

ಆತ ಮಾರಿದ ಹಲವು ನೋಟುಗಳಲ್ಲಿ ಒಂದು ವಾಗ್ದಾನ ಅಚ್ಚಾಗಿತ್ತು: 1880ರಲ್ಲಿ ಬಡ್ಡಿಸಮೇತ ತೀರಿಸಲಾಗುವುದು. ಆ ವರ್ಷದ ಎರಡನೆಯ ವಾರವೇ ಸಾಲಗಾರ ಹೊರಟುಹೋದ. ಚಲಾವಣೆಗೆ ಬಂದ ಎಷ್ಟೋ ರಾಜಮುದ್ರೆಗಳ ಗತಿ ನಮಗೆ ಗೊತ್ತು. ತುಘಲಕನ ತಾಮ್ರದ ನಾಣ್ಯಗಳು ರಾಶಿ ಬಿದ್ದವು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ಕಾಗದದ ಡಾಲರು, ಸೈನ್ಯಗಳ ಬಲವಿದ್ದೂ, 1865ರಲ್ಲಿ ರದ್ದಿಯಾಯಿತು. ನಾರ್ಟನ್‌ನ ನೋಟಿಗೆ ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ಕೊಂಡವನು ಒಪ್ಪಿದ ಎಂಬುದಷ್ಟೇ ಅದರ ಬಲ. ಆ ಐವತ್ತು ಸೆಂಟಿನ ಕಾಗದ ಇಂದು ಹರಾಜಿಗೆ ಬಂದರೆ ಸಾವಿರಾರು ಡಾಲರಿಗೆ ಹೋಗುತ್ತದೆ. ಬಡ್ಡಿ ಬಂದಿಲ್ಲವೆಂದು ಯಾರೂ ದೂರಿಲ್ಲ.